ಸಾಂಸ್ಥಿಕ ಸಂವಹನದಲ್ಲಿ ಸಾಮಾಜಿಕ ಮಾಧ್ಯಮ

ಸಾಂಸ್ಥಿಕ ಸಂವಹನದಲ್ಲಿ ಸಾಮಾಜಿಕ ಮಾಧ್ಯಮದ ಬಳಕೆ ಎಂದರೆ ಕಂಪನಿ, ಬ್ಯಾಂಕು, ಸಹಕಾರ ಸಂಘ ಮೊದಲಾದ ಸಂಸ್ಥೆಗಳ ಸಿಬ್ಬಂದಿಯು ಅಂತರಜಾಲ ಹಾಗೂ ಮೊಬೈಲ್ ಆ್ಯಪ್‌ಗಳ ಮೂಲಕ ಮಾಹಿತಿಯನ್ನು ಹಂಚಿಕೊಂಡು, ಚರ್ಚಿಸಿ, ಕೂಡಿ ಕೆಲಸ ಮಾಡುವ ಪದ್ಧತಿ. ಸುತ್ತೋಲೆಯಲ್ಲಿ ಮಾಹಿತಿಯು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಈ ಪದ್ಧತಿಯಲ್ಲಿ ಓದುವವರೂ ಪ್ರಶ್ನಿಸಬಹುದು, ತಿದ್ದಬಹುದು, ಹೊಸದನ್ನು ಸೇರಿಸಬಹುದು.

ಹಿನ್ನೆಲೆ

1995ರಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದ ಮೊದಲ ವಿಕಿಯು, ಒಂದೇ ಪುಟವನ್ನು ಹಲವರು ಬರೆದು ತಿದ್ದಲು ಸಾಧ್ಯವೆಂದು ತೋರಿಸಿತು. ಸಂಸ್ಥೆಗಳೊಳಗೆ ಇಂತಹ ಸಾಧನಗಳನ್ನು ಬಳಸುವುದಕ್ಕೆ 2006ರಲ್ಲಿ ಆಂಡ್ರ್ಯೂ ಮೆಕಫಿ ‘ಎಂಟರ್‌ಪ್ರೈಸ್ 2.0’ ಎಂಬ ಹೆಸರು ಕೊಟ್ಟರು. ಬಳಿಕ ಯಾಮರ್ (2008), ಫೇಸ್‌ಬುಕ್‌ನ ವರ್ಕ್‌ಪ್ಲೇಸ್ (2016), ಮೈಕ್ರೋಸಾಫ್ಟ್ ಟೀಮ್ಸ್ (2017) ಮುಂತಾದವು ಬಂದವು. ಭಾರತದ ಸಣ್ಣ ಸಂಸ್ಥೆಗಳಲ್ಲಿ 2009ರಲ್ಲಿ ಆರಂಭವಾದ ವಾಟ್ಸ್‌ಆ್ಯಪ್‌ನ ಗುಂಪುಗಳೇ ಹೆಚ್ಚು ಬಳಕೆಯಲ್ಲಿವೆ.

ಇನ್ಫೋಸಿಸ್‌ನ ಅನುಭವ

ಸಾಮಾಜಿಕ ಮಾಧ್ಯಮಗಳು ಹರಡುವುದಕ್ಕೆ ಮೊದಲೇ ಬೆಂಗಳೂರಿನ ಇನ್ಫೋಸಿಸ್ ಕಂಪನಿಯು ‘ಕೆ-ಶಾಪ್’ ಎಂಬ ಆಂತರಿಕ ಜಾಲತಾಣವನ್ನು ನಡೆಸುತ್ತಿತ್ತು. ನೌಕರರು ತಮ್ಮ ಕೆಲಸದಿಂದ ಕಲಿತದ್ದನ್ನು ಅಲ್ಲಿ ಬರೆದು ಸೇರಿಸುತ್ತಿದ್ದರು. 2000ದ ದಶಕದ ಆರಂಭದಲ್ಲಿ ಬರೆದವರಿಗೂ ಪರಿಶೀಲಿಸಿದವರಿಗೂ ಅಂಕಗಳನ್ನು ನೀಡುವ ಏರ್ಪಾಟಾಯಿತು. ಅಂಕಗಳಿಂದ ಬಹುಮಾನ ಪಡೆಯಬಹುದಿತ್ತು. ಆಗ ಬರಹಗಳ ಸಂಖ್ಯೆ ಬೇಗನೆ ಬೆಳೆಯಿತು; ಆದರೆ ಬೇಕಾದುದನ್ನು ಹುಡುಕುವುದು ಕಷ್ಟವಾಯಿತು, ಗುಣಮಟ್ಟದ ಬಗೆಗೂ ಸಂದೇಹ ಹುಟ್ಟಿತು. ಕಂಪನಿಯು ನಿಯಮಗಳನ್ನು ಬದಲಿಸಿ, ಬರಹವು ಓದುಗರಿಗೆ ಎಷ್ಟು ಉಪಯುಕ್ತವಾಯಿತು ಎಂಬುದಕ್ಕೆ ಹೆಚ್ಚಿನ ಬೆಲೆ ಕೊಟ್ಟಿತು. ಹಂಚಿಕೆ ಹೆಚ್ಚಿದ ಮಾತ್ರಕ್ಕೆ ಸಹಯೋಗ ಹೆಚ್ಚುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಸಣ್ಣ ಸಂಸ್ಥೆಗಳಲ್ಲಿ

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ 1905ರಲ್ಲಿ ಸಹಕಾರ ಸಂಘ ಆರಂಭವಾಯಿತು. ಸಹಕಾರ ಸಂಘಗಳಲ್ಲಿ ಸಭೆ ಸೇರಿ ಚರ್ಚಿಸುವುದು, ಠರಾವು ಮಾಡುವುದು, ಅದನ್ನು ಪುಸ್ತಕದಲ್ಲಿ ದಾಖಲಿಸುವುದು ರೂಢಿಯ ಕ್ರಮ. ಇಂದು ಈ ಕ್ರಮದ ಪಕ್ಕದಲ್ಲಿಯೇ ಮೊಬೈಲ್ ಗುಂಪೂ ಇರುತ್ತದೆ.

ಗದಗ-ಬೆಟಗೇರಿಯಲ್ಲಿ ಪ್ರಧಾನ ಕಚೇರಿಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಶಾಖೆಗಳೂ ಇರುವ ಪತ್ತಿನ ಸಂಘವೊಂದನ್ನು ಊಹಿಸಿಕೊಳ್ಳಬಹುದು. ಠೇವಣಿಯ ಬಡ್ಡಿದರ ಬದಲಾದ ಸುದ್ದಿಯು ಗುಂಪಿನ ಮೂಲಕ ಕ್ಷಣದಲ್ಲಿ ಎಲ್ಲ ಶಾಖೆಗಳನ್ನು ಮುಟ್ಟುತ್ತದೆ. ಸಂದೇಹಗಳೂ ಅಲ್ಲಿಯೇ ಪರಿಹಾರವಾಗುತ್ತವೆ. ಆದರೆ ಮರುದಿನ ತಿದ್ದುಪಡಿ ಬಂದು, ಒಂದು ಶಾಖೆಯವರು ಹಳೆಯ ಸಂದೇಶವನ್ನೇ ನಂಬಿದರೆ, ಒಂದೇ ಸಂಘದ ಗ್ರಾಹಕರಿಗೆ ಎರಡು ದರ ಹೇಳಿದಂತಾಗುತ್ತದೆ. ಆದ್ದರಿಂದ ಚರ್ಚೆ ಗುಂಪಿನಲ್ಲಿ ನಡೆದರೂ, ಅಂತಿಮ ಆದೇಶವು ದಿನಾಂಕ ಮತ್ತು ಸಂಖ್ಯೆಯೊಂದಿಗೆ ಕಚೇರಿಯ ಕಡತದಲ್ಲಿ ಇರಬೇಕಾಗುತ್ತದೆ.

ಮಿತಿಗಳು

* ದಾಖಲೆ: ನೌಕರನು ನಿವೃತ್ತನಾದರೆ ಅಥವಾ ಮೊಬೈಲ್ ಕಳೆದುಹೋದರೆ ಅದರಲ್ಲಿದ್ದ ಮಾಹಿತಿ ಸಂಸ್ಥೆಯ ಕೈತಪ್ಪಬಹುದು. ಸೇವೆಯೇ ನಿಂತುಹೋಗುವುದೂ ಉಂಟು: ವರ್ಕ್‌ಪ್ಲೇಸನ್ನು ಮುಚ್ಚುವುದಾಗಿ ಮೆಟಾ ಕಂಪನಿ 2024ರಲ್ಲಿ ಪ್ರಕಟಿಸಿತು.
* ಗೋಪ್ಯತೆ: ಸದಸ್ಯರ ಆಧಾರ್ ಪ್ರತಿ, ಸಾಲದ ವಿವರ ಮುಂತಾದವನ್ನು ಗುಂಪಿಗೆ ಹಾಕಿದರೆ ಅವು ಯಾರ ಕೈಗಾದರೂ ಸಿಗಬಹುದು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಅಂಗೀಕಾರವಾಗಿದೆ.
* ಸಮಯ: ಕಚೇರಿಯ ವೇಳೆ ಮುಗಿದ ನಂತರವೂ ಸಂದೇಶಗಳು ಬರುವುದರಿಂದ ಸಿಬ್ಬಂದಿಗೆ ಬಿಡುವು ಇಲ್ಲದಂತಾಗುತ್ತದೆ.
* ಸಂಕೋಚ: ಮೇಲಧಿಕಾರಿಗಳಿರುವ ಗುಂಪಿನಲ್ಲಿ ಕಿರಿಯ ನೌಕರರು ತಪ್ಪನ್ನು ಕಂಡರೂ ಹೇಳಲು ಹಿಂಜರಿಯಬಹುದು. ಆಗ ಗುಂಪು ಮತ್ತೆ ಸುತ್ತೋಲೆಯ ಹಲಗೆಯಾಗಿಯೇ ಉಳಿಯುತ್ತದೆ.

ಇವನ್ನೂ ನೋಡಿ

* ವಿಕಿ
* ಸಹಕಾರ ಚಳವಳಿ
* ಗದಗ ಜಿಲ್ಲೆ