ಮಿಕ್ಸಿ ಜಾರಿಗೆ ಬಂದ ಸೋಡಾ ಸರೋವರದ ಜೀವಿ

ಗಾಜಿನ ಲೋಟದ ತಣ್ಣೀರಿಗೆ ಕಾಲು ಚಮಚ ಸ್ಪಿರುಲಿನಾ ಪುಡಿ ಉದುರಿಸಿ, ಕಲಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಎರಡು ಬಣ್ಣ ಬೇರೆಯಾಗಿರುತ್ತವೆ. ತಳದಲ್ಲಿ ಕಡುಹಸಿರು ಗಸಿ, ಮೇಲೆ ನೀಲಿ ನೀರು. ಆ ನೀರನ್ನು ಮೆಲ್ಲಗೆ ಬೇರೆ ಲೋಟಕ್ಕೆ ಬಗ್ಗಿಸಿ, ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ನೀಲಿಯೊಳಗೆ ಕೆಂಪು ಛಾಯೆ ಮಿನುಗುತ್ತದೆ. ಹಸಿರು ಕ್ಲೋರೊಫಿಲ್ ನೀರಿನಲ್ಲಿ ಕರಗದು, ಹಾಗಾಗಿ ಗಸಿಯಲ್ಲೇ ಉಳಿಯಿತು. ನೀರಿಗೆ ಇಳಿದದ್ದು ಫೈಕೋಸಯನಿನ್ ಎಂಬ ನೀಲಿ ಪ್ರೋಟೀನು. ಕ್ಲೋರೊಫಿಲ್ಲಿಗೆ ದಕ್ಕದ ಕಿತ್ತಳೆ ಬೆಳಕನ್ನು ಹೀರಿ ಅದಕ್ಕೆ ದಾಟಿಸುವುದು ಇದರ ಕಸುಬು. ಜೀವಕೋಶ ಒಡೆದುಹೋದ ಮೇಲೆ ಇಸಿದುಕೊಳ್ಳುವವರು ಯಾರೂ ಇಲ್ಲ. ಹೀರಿದ ಬೆಳಕನ್ನು ಅದು ಕೆಂಪಾಗಿಸಿ ಹೊರಗೆ ಚೆಲ್ಲುತ್ತದೆ.

ಅದೇ ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿ, ನೀಲಿ ಮಂಕಾಗುತ್ತದೆ. ಒಲೆಯ ಮೇಲಿಟ್ಟರೆ 60 ಡಿಗ್ರಿ ದಾಟುತ್ತಿದ್ದಂತೆ ಬಣ್ಣವೇ ಹೋಗುತ್ತದೆ. ಸ್ಪಿರುಲಿನಾ ಸ್ಮೂದಿಯನ್ನು ತಣ್ಣಗೇ ಮಾಡಬೇಕು, ಹುಳಿ ಕಮ್ಮಿಯಿರಬೇಕು ಎನ್ನುವುದರ ಹಿಂದಿನ ಕಾರಣ ಇಷ್ಟೇ. ಒಂದೆರಡು ನಿಮಿಷ ತಿರುಗಿದ ಮಿಕ್ಸಿ ಜಾರು ಬೆಚ್ಚಗಾದರೂ 60 ಡಿಗ್ರಿ ಮುಟ್ಟುವುದಿಲ್ಲ, ಆ ಭಯ ಬೇಡ. ಹಾಗೆ ನೋಡಿದರೆ ಇದೆಲ್ಲ ಬಹುಪಾಲು ಬಣ್ಣದ ಮಾತು. ಲೋಟದಲ್ಲಿ ನಿಂಬೆರಸ ಮಾಡುವ ಕೆಲಸವನ್ನು ಹೊಟ್ಟೆಯ ಆಮ್ಲ ಹೇಗೂ ಮಾಡುತ್ತದೆ.

ಡಬ್ಬಿಯ ಮೇಲೆ ‘ಪಾಚಿ’ ಎಂದೇ ಬರೆದಿದ್ದರೂ ಸ್ಪಿರುಲಿನಾ ಸೇರುವುದು ಸಯನೋಬ್ಯಾಕ್ಟೀರಿಯಾ ಗುಂಪಿಗೆ. ಕೋಶದೊಳಗೆ ನ್ಯೂಕ್ಲಿಯಸ್ ಇಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇದರ ಪೂರ್ವಜರೇ. ಸೂಕ್ಷ್ಮದರ್ಶಕದಡಿ ಕೋಶಗಳು ಒಂದಕ್ಕೊಂದು ಅಂಟಿ ಸುರುಳಿ ಸುತ್ತಿದ ಎಳೆಗಳಾಗಿ ಕಾಣುತ್ತವೆ. ಬೇರೆ ಜೀವಿಗಳು ಒಗ್ಗದೆ ಬಿಟ್ಟುಹೋಗುವ ಕ್ಷಾರದ ನೀರು ಇದಕ್ಕೆ ಇಷ್ಟ. ಮಹಾರಾಷ್ಟ್ರದ ಲೋಣಾರ್ ಉಲ್ಕಾಸರೋವರದಲ್ಲಿ ಇದು ತಾನಾಗಿಯೇ ಬೆಳೆಯುತ್ತದೆ. ಪೂರ್ವ ಆಫ್ರಿಕಾದ ಸೋಡಾ ಸರೋವರಗಳಲ್ಲಿ ಲಕ್ಷಗಟ್ಟಲೆ ಲೆಸ್ಸರ್ ಫ್ಲೆಮಿಂಗೊ ಹಕ್ಕಿಗಳು ಇದನ್ನೇ ಸೋಸಿ ತಿನ್ನುತ್ತವೆ. ಅವುಗಳ ಗುಲಾಬಿ ರೆಕ್ಕೆಗೆ ಬಣ್ಣ ಬರುವುದೂ ಇದರಲ್ಲಿರುವ ಕ್ಯಾರೊಟಿನಾಯ್ಡ್‌ಗಳಿಂದ.

ಬೆಳೆಸುವವರಿಗೆ ಕ್ಷಾರದ ನೀರೇ ಬೇಕೆನ್ನುವ ಈ ಹಟಮಾರಿತನವೇ ಅನುಕೂಲ. ಆಳವಿಲ್ಲದ ತೊಟ್ಟಿಯ ನೀರಿಗೆ ಅಡುಗೆ ಸೋಡಾ ಮತ್ತು ಒಂದಿಷ್ಟು ಲವಣ ಬೆರೆಸಿ, ಬಿಸಿಲಿಗೆ ಬಿಟ್ಟು, ಕಲಕುತ್ತಿದ್ದರಾಯಿತು. ಕಳೆಯ ಕಾಟ ಕಡಿಮೆ. ಎಳೆಗಳು ಉದ್ದವಾದ್ದರಿಂದ ಬಟ್ಟೆಯಲ್ಲೇ ಸೋಸಿ ತೆಗೆಯಬಹುದು. ಹಿಂಡಿ ಉಳಿದ ಹಸಿರು ಮುದ್ದೆಯನ್ನು ಶಾವಿಗೆಯಂತೆ ಒತ್ತಿ ಒಣಗಿಸಿ ಪುಡಿ ಮಾಡುತ್ತಾರೆ.

ಸೋಸುವ ವಿದ್ಯೆ ಹೊಸದೇನಲ್ಲ. ಮೆಕ್ಸಿಕೋದ ಟೆಕ್ಸ್‌ಕೊಕೊ ಸರೋವರದಿಂದ ಅಜ್‌ಟೆಕ್ ಜನ ಸಣ್ಣ ಕಣ್ಣಿನ ಬಲೆಯಲ್ಲಿ ಇದನ್ನು ಎತ್ತಿ, ಒಣಗಿಸಿ, ಬಿಲ್ಲೆ ಮಾಡಿ ಸಂತೆಯಲ್ಲಿ ಮಾರುತ್ತಿದ್ದುದನ್ನು 16ನೇ ಶತಮಾನದ ಸ್ಪೇನಿನವರು ಬರೆದಿಟ್ಟಿದ್ದಾರೆ. ಆಫ್ರಿಕಾದ ಚಾಡ್ ಸರೋವರದ ಬಳಿಯ ಕಾನೆಂಬು ಜನಾಂಗದ ಹೆಂಗಸರು ಇಂದಿಗೂ ಇದನ್ನು ಮೊಗೆದು ತಂದು ಮರಳ ಮೇಲೆ ಹರಡಿ ಒಣಗಿಸುತ್ತಾರೆ. ‘ದಿಹೆ’ ಎಂಬ ಆ ಹಸಿರು ಬಿಲ್ಲೆ ಸಾರಿಗೆ ಬೀಳುತ್ತದೆ. 1960ರ ದಶಕದಲ್ಲಿ ಬೆಲ್ಜಿಯಂನ ಸಸ್ಯವಿಜ್ಞಾನಿ ಜೀನ್ ಲಿಯೊನಾರ್ ಅದನ್ನು ಮತ್ತೆ ಬೆಳಕಿಗೆ ತಂದ ಮೇಲೆ ಪ್ರಯೋಗಾಲಯಗಳು ಕಣ್ಣುಬಿಟ್ಟವು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಲ್ಲೇ ಜರ್ಮನಿಯ ಸಹಯೋಗದಲ್ಲಿ ಇಂಥ ಸೂಕ್ಷ್ಮಜೀವಿಗಳನ್ನು ಆಹಾರಕ್ಕಾಗಿ ಬೆಳೆಸುವ ಕೆಲಸಕ್ಕೆ ಕೈಹಾಕಿತು. ಅಲ್ಲಿಂದ ಮುಂದೆ ಸ್ಪಿರುಲಿನಾ ಚಿಕ್ಕಿಯೂ ಹೊರಬಂತು.

ಈಗ ಲೆಕ್ಕಕ್ಕೆ ಬರೋಣ. ಒಣ ಪುಡಿಯ ತೂಕದಲ್ಲಿ ಸುಮಾರು 60% ಪ್ರೋಟೀನ್ ಎಂದು ಜಾಹೀರಾತು ಹೇಳುವುದು ಸುಳ್ಳಲ್ಲ. ಆದರೆ ಸ್ಮೂದಿಗೆ ಬೀಳುವುದು ಹೆಚ್ಚೆಂದರೆ ಒಂದು ಟೀ ಚಮಚ, ಅಂದರೆ ಎರಡೂವರೆ ಗ್ರಾಂ ಆಸುಪಾಸು. ಅದರಲ್ಲಿ ಪ್ರೋಟೀನು ಒಂದೂವರೆ ಗ್ರಾಂ ಮುಟ್ಟಿದರೆ ಹೆಚ್ಚು. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು ಗ್ರಾಂ ಇದೆ, ಬೆಲೆಯಂತೂ ಹೋಲಿಸುವ ಹಾಗೇ ಇಲ್ಲ. ಅದೇ ಚಮಚದಲ್ಲಿ ಕಬ್ಬಿಣ ಒಂದು ಮಿಲಿಗ್ರಾಂಗಿಂತ ಕಡಿಮೆ. ಭಾರತದ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕ. ಬಿ12ರ ಮಾತಂತೂ ಇನ್ನೂ ನಾಜೂಕು. ಇದರಲ್ಲಿರುವುದು ಬಹುಪಾಲು ಹುಸಿ ಬಿ12. ರೂಪ ಅಂಥದ್ದೇ ಆದರೂ ನಮ್ಮ ದೇಹಕ್ಕೆ ಅದರಿಂದ ಕೆಲಸವಾಗುವುದಿಲ್ಲ. ಶುದ್ಧ ಸಸ್ಯಾಹಾರಿಗಳು ಇದನ್ನೇ ನಂಬಿ ಕೂರುವುದು ಅಪಾಯ.

ಹಾಗಾದರೆ ಯಾಕೆ ಹಾಕಬೇಕು? ಬಣ್ಣ ಚೆಂದ, ಜೊತೆಗೆ ಒಂದಿಷ್ಟು ಕಬ್ಬಿಣ, ಬೀಟಾ ಕ್ಯಾರೊಟಿನ್. ಅಷ್ಟು ಸಾಕು ಎನ್ನುವವರು ಆ ಕಬ್ಬಿಣವಾದರೂ ಮೈಗೆ ಹತ್ತುವಂತೆ ಹಣ್ಣು ಆರಿಸಿಕೊಳ್ಳಬೇಕು. ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ, ಹಾಲಿನ ಕ್ಯಾಲ್ಸಿಯಂ ಅಡ್ಡ ಬರುತ್ತದೆ. ಸೀಬೆಹಣ್ಣಿನಲ್ಲಿ 100 ಗ್ರಾಂಗೆ 200 ಮಿಲಿಗ್ರಾಂಗೂ ಮಿಕ್ಕಿ ವಿಟಮಿನ್ ಸಿ ಇದೆ, ಅನಾನಸ್ಸಿನಷ್ಟು ಹುಳಿಯೂ ಇಲ್ಲ.

ಎರಡು ಲೋಟಕ್ಕೆ ಮಾಗಿದ ದೊಡ್ಡ ಸೀಬೆಹಣ್ಣು ಒಂದು ಸಾಕು. ಹೆಚ್ಚಿ, ಒಂದು ಲೋಟ ಎಳನೀರಿನ ಜೊತೆ ರುಬ್ಬಿ, ಬೀಜ ಸೋಸಿ ತೆಗೆಯಿರಿ. ಎರಡು ಏಲಕ್ಕಿ ಬಾಳೆಹಣ್ಣು, ನಾಲ್ಕು ತುಂಡು ಐಸು ಹಾಕಿ ಮತ್ತೆ ತಿರುಗಿಸಿ. ಸ್ಪಿರುಲಿನಾ ಕಟ್ಟಕಡೆಗೆ, ಅರ್ಧ ಚಮಚ, ಒಂದೇ ಸುತ್ತು. ಮೊದಲೇ ಹಾಕಿದರೆ ಪುಡಿ ಜಾರಿನ ಗೋಡೆಗೆ ಮೆತ್ತಿ ಗಂಟಾಗುತ್ತದೆ. ಹೆಚ್ಚು ಹೊತ್ತು ತಿರುಗಿಸಿದರೆ ಅದರ ಪ್ರೋಟೀನು ಗಾಳಿ ಹಿಡಿದು ನೊರೆ ಉಕ್ಕಿಸುತ್ತದೆ. ಸ್ಪಿರುಲಿನಾದ ಕೆರೆದಂಡೆಯಂಥ ವಾಸನೆಯನ್ನು ಬಾಳೆಹಣ್ಣಿನ ಘಮ ತಕ್ಕಮಟ್ಟಿಗೆ ಮುಚ್ಚುತ್ತದೆ.

ಬಾಳೆಹಣ್ಣಿಗೂ ಒಂದು ತಕರಾರಿದೆ. ಹೆಚ್ಚಿಟ್ಟ ಹಣ್ಣನ್ನು ಕಂದಾಗಿಸುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಅದರಲ್ಲಿ ಧಾರಾಳ. ಹಣ್ಣುಗಳಲ್ಲಿರುವ ಫ್ಲೇವನಾಲ್ ಎಂಬ ಸಂಯುಕ್ತಗಳನ್ನೂ ಅದು ಕೆಡಿಸುತ್ತದೆ. ಬಾಳೆಹಣ್ಣಿನ ಸ್ಮೂದಿ ಕುಡಿದಾಗ ರಕ್ತ ಸೇರುವ ಫ್ಲೇವನಾಲ್ ಪ್ರಮಾಣ, ಅದನ್ನೇ ಕ್ಯಾಪ್ಸೂಲಾಗಿ ನುಂಗಿದಾಗಿನದಕ್ಕಿಂತ 84% ಕಡಿಮೆ ಎಂದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಪಾಲ್ಗೊಂಡವರು ಬೆರಳೆಣಿಕೆಯ ಮಂದಿ, ನಿಜ. ಆದರೂ ದ್ರಾಕ್ಷಿ, ಸೇಬು, ಬೆರ್ರಿಗಳ ಫ್ಲೇವನಾಲ್ ಬೇಕೆನ್ನುವವರು ಅವನ್ನು ಬಾಳೆಹಣ್ಣಿನೊಂದಿಗೆ ರುಬ್ಬದಿರುವುದು ವಾಸಿ. ಹಾಲು ಹಾಕಿಯೇ ತೀರುತ್ತೇವೆ ಎಂದರೆ ಅನಾನಸ್, ಪಪ್ಪಾಯಿ ಬಿಡಬೇಕು. ಅವುಗಳ ಕಿಣ್ವಗಳು ಹಾಲಿನ ಪ್ರೋಟೀನನ್ನು ತುಂಡರಿಸುವುದರಿಂದ ಇಟ್ಟಷ್ಟೂ ಕಹಿಯಾಗುತ್ತದೆ.

ಕೊನೆಗೆ ಡಬ್ಬಿಯ ವಿಷಯ. ತೆರೆದ ಸರೋವರದಿಂದ ಬಾಚಿ ತಂದದ್ದರಲ್ಲಿ ಪಿತ್ತಜನಕಾಂಗಕ್ಕೆ ಕೆಡುಕು ಮಾಡುವ ಮೈಕ್ರೊಸಿಸ್ಟಿನ್ ಇರಬಹುದು. ಅದನ್ನು ತಯಾರಿಸುವುದು ಸ್ಪಿರುಲಿನಾ ಅಲ್ಲ, ಜೊತೆಗೆ ಬೆಳೆಯುವ ಅದರ ದಾಯಾದಿಗಳು. ಅಮೆರಿಕದ ಆರೆಗಾನ್ ರಾಜ್ಯದ ಸರೋವರವೊಂದರಿಂದ ಇನ್ನೊಂದು ಸಯನೋಬ್ಯಾಕ್ಟೀರಿಯಾ ಬಾಚಿ ಮಾರುತ್ತಿದ್ದಾಗ ಈ ವಿಷದ ಭೀತಿ ಎದ್ದು, 1997ರಲ್ಲಿ ಆ ರಾಜ್ಯ ಗ್ರಾಂಗೆ ಒಂದು ಮೈಕ್ರೊಗ್ರಾಂ ಎಂಬ ಮಿತಿ ಹಾಕಿತು. ತೊಟ್ಟಿಯಲ್ಲಿ ಬೆಳೆದು, ಪರೀಕ್ಷೆಯಾಗಿ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಹೊತ್ತ ಪುಡಿಯನ್ನೇ ಕೊಳ್ಳಬೇಕು. ಫೀನೈಲ್‌ಕೀಟೊನೂರಿಯಾ ಎಂಬ ಆನುವಂಶಿಕ ಕಾಯಿಲೆ ಇರುವವರಿಗೆ ಇದು ಸಲ್ಲದು; ಲೂಪಸ್‌ನಂಥ ಆಟೊಇಮ್ಯೂನ್ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಚಮಚ ಎತ್ತಬಾರದು.