ಝೇಂಕಾರಕ್ಕೆ ತೆರೆಯುವ ತಂಗಡಿ ಹೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಗೋಮಾಳಗಳಲ್ಲಿ, ಹೊಲದ ಬದುಗಳಲ್ಲಿ ಯಾರೂ ನೆಡದೆ, ನೀರೆರೆಯದೆ ಬೆಳೆಯುವ ಹಳದಿ ಹೂವಿನ ಪೊದೆ ತಂಗಡಿ. ಆವರಿಕೆ ಎಂದೂ ಕರೆಯಲಾಗುವ ಇದರ ಸಸ್ಯಶಾಸ್ತ್ರೀಯ ಹೆಸರು ಸೆನ್ನ ಆರಿಕ್ಯುಲೇಟ. ಭಾರತ, ಶ್ರೀಲಂಕಾಗಳ ಒಣನೆಲವೇ ಇದರ ತವರು. ಬೇಸಾಯಗಾರರು ಇದರ ಸೊಪ್ಪನ್ನು ಹಸಿರೆಲೆ ಗೊಬ್ಬರವಾಗಿ ಗದ್ದೆಗೆ ತುಳಿದರೆ, ಚರ್ಮ ಹದ ಮಾಡುವವರು ತೊಗಟೆ ಸುಲಿದರು. ತೊಗಟೆಯ ಟ್ಯಾನಿನ್ ಹಸಿ ಚರ್ಮದ ಪ್ರೋಟೀನಿನೊಡನೆ ಬೆಸೆದು ಅದು ಕೊಳೆಯದಂತೆ ಕಾಯುತ್ತದೆ. 19ನೇ ಶತಮಾನದಲ್ಲಿ ಮದ್ರಾಸಿನಿಂದ ಹಡಗೇರುತ್ತಿದ್ದ ಚರ್ಮವನ್ನು ಬಹುಪಾಲು ಹದಗೊಳಿಸಿದ್ದು ಈ ತೊಗಟೆಯೇ. ಮುಂದೆ ಆಫ್ರಿಕಾದ ವಾಟಲ್ ತೊಗಟೆ, ಕ್ರೋಮಿಯಂ ಲವಣಗಳು ಬಂದು ಆ ಬೇಡಿಕೆ ಕುಗ್ಗಿತು.

ಹೂವಿನ ಕೆಲಸ ಅಷ್ಟಾಗಿ ಕಣ್ಣಿಗೆ ಬಿದ್ದಿಲ್ಲ. ಐದು ಎಸಳುಗಳ ಈ ಹೂವಿನಲ್ಲಿ ಮಕರಂದವಿಲ್ಲ. ಕೀಟಕ್ಕೆ ದೊರೆಯುವುದು ಪರಾಗ ಮಾತ್ರ, ಅದೂ ಸುಲಭಕ್ಕಲ್ಲ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಉಳಿದವುಗಳ ಪರಾಗಕೋಶ ಉದ್ದಕ್ಕೂ ಬಿರಿಯದೆ ತುದಿಯ ಸಣ್ಣ ರಂಧ್ರದಲ್ಲಷ್ಟೇ ತೆರೆದುಕೊಳ್ಳುತ್ತದೆ. ದೊಡ್ಡ ಕಪ್ಪು ಬಡಗಿ ದುಂಬಿ ನಡುವಿನ ಗಿಡ್ಡ ಕೇಸರಗಳನ್ನು ಕಾಲುಗಳಿಂದ ಬಿಗಿಹಿಡಿದು, ರೆಕ್ಕೆ ಬಡಿಯದೆ ಹಾರಾಟದ ಸ್ನಾಯುಗಳು ಮಾತ್ರ ಕಂಪಿಸುವಂತೆ ಮಾಡುತ್ತದೆ. ಸೆಕೆಂಡಿಗೆ ನೂರಾರು ಸಲದ ಆ ಅದುರಿಗೆ, ತೂತು ಮುಚ್ಚಳದ ಡಬ್ಬಿಯಿಂದ ಪೌಡರ್ ಉದುರುವಂತೆ ಪರಾಗ ಚಿಮ್ಮುತ್ತದೆ. ಇದೇ ಝೇಂಕಾರ ಪರಾಗಸ್ಪರ್ಶ. ಗಿಡ್ಡ ಕೇಸರಗಳದ್ದು ದುಂಬಿಯ ಊಟ. ಕೆಳಗೆ ಬಾಗಿದ ಉದ್ದ ಕೇಸರಗಳ ಪರಾಗ ಅದರ ಮೈಗೆ ಅಂಟಿ ಮುಂದಿನ ಹೂವಿಗೆ ಸಾಗುತ್ತದೆ. ಒಂದೇ ಗಿಡದಲ್ಲಿ ಕೆಲವು ಹೂಗಳ ಶಲಾಕೆ ಎಡಕ್ಕೂ ಕೆಲವುಗಳದ್ದು ಬಲಕ್ಕೂ ಬಾಗಿರುತ್ತದೆ. ಹಾಗಾಗಿ ಎಡದ ಹೂ ದುಂಬಿಯ ಒಂದು ಪಕ್ಕಕ್ಕೆ ಹಚ್ಚಿದ ಪರಾಗವನ್ನು ಬಲದ ಹೂವಿನ ಶಲಾಕಾಗ್ರ ಅದೇ ಪಕ್ಕದಿಂದ ಪಡೆಯುತ್ತದೆ.

ಈ ವಿದ್ಯೆ ಜೇನುಹುಳುವಿಗೆ ಬಾರದು. ಬಡಗಿ ದುಂಬಿಗೂ ಇನ್ನು ಕೆಲವು ಒಂಟಿ ಜೇನುಗಳಿಗೂ ಗೊತ್ತು. ಇದೇ ಸೀಮೆಯ ತೋಟಗಳ ಬದನೆ, ಟೊಮೆಟೊ ಹೂಗಳೂ ಪರಾಗವನ್ನು ಹೀಗೆಯೇ ಮುಚ್ಚಿಟ್ಟುಕೊಳ್ಳುತ್ತವೆ, ಝೇಂಕಾರ ಸಿಕ್ಕರೆ ಕಾಯಿ ಚೆನ್ನಾಗಿ ಕಟ್ಟುತ್ತವೆ. ಆದರೆ ತರಕಾರಿ ಹೂಬಿಡುವುದು ಕೆಲವೇ ವಾರ, ದುಂಬಿಗೆ ಉಳಿದ ದಿನಗಳಲ್ಲೂ ಪರಾಗ ಬೇಕು. ಬದುವಿನ ತಂಗಡಿಯನ್ನು ಜೆಸಿಬಿ ಬಳಿದುಹಾಕಿದಾಗ, ಗೋಮಾಳ ಬಡಾವಣೆಯಾದಾಗ ಇಲ್ಲವಾಗುವುದು ಆ ಮೇವು. ಬದುವಿನ ಪೊದೆಯೂ ತೋಟದ ಇಳುವರಿಯ ಲೆಕ್ಕಕ್ಕೆ ಸೇರಬೇಕಾದದ್ದೇ.