ವೃದ್ಧರ ಹೃದಯಕವಾಟ

ಮನೆಯ ಹಿರಿಯರು ನಾಲ್ಕು ಮೆಟ್ಟಿಲೇರುವಷ್ಟರಲ್ಲಿ ಏದುಸಿರು ಬಿಟ್ಟರೆ, “ವಯಸ್ಸಾಯಿತಲ್ಲವೇ!” ಎಂದು ನಾವು ಸಮಾಧಾನ ಹೇಳುವುದುಂಟು, ಅವರೂ ಹಾಗೆಯೇ ನಂಬುವರು. ಆದರೆ ಮುಪ್ಪು ಬೇರೆ, ರೋಗ ಬೇರೆ. ಈ ಭೇದವನ್ನರಿಯದೆ ಉಳಿಸಬಹುದಾದ ಜೀವವನ್ನು ಕಳೆದುಕೊಂಡ ಕುಟುಂಬಗಳು ಹಲವು.

ಹೃದಯದಿಂದ ದೇಹಕ್ಕೆಲ್ಲ ರಕ್ತವನ್ನೊಯ್ಯುವ ಮಹಾಧಮನಿಯ ಬಾಯಲ್ಲಿ ಮೂರು ತೆಳ್ಳನೆಯ ಎಸಳುಗಳುಳ್ಳ ಕವಾಟವೊಂದಿರುವುದು. ವಾರ್ಧಕ್ಯದಲ್ಲಿ ಕೆಲವರಿಗೆ ಈ ಎಸಳುಗಳಲ್ಲಿ ಸುಣ್ಣದ ಅಂಶವು ಸೇರಿ, ಅವು ತುಕ್ಕುಹಿಡಿದ ಕೀಲಿನ ಕದದಂತೆ ಬಿಗಿದುಕೊಳ್ಳುವುವು. ಏದುಸಿರು, ಎದೆನೋವು, ನಡೆಯುವಾಗ ಕಣ್ಣು ಕತ್ತಲಿಟ್ಟು ಮೂರ್ಛೆ ಬರುವುದು, ಇವೇ ಅದರ ಮುಖ್ಯ ಲಕ್ಷಣಗಳು. ಇವು ತೋರಿದ ಮೇಲೆ ಕವಾಟವನ್ನು ಬದಲಿಸದಿದ್ದರೆ ಅನೇಕರು ಎರಡು ಮೂರು ವರ್ಷಗಳಲ್ಲಿಯೇ ಅಸುನೀಗುವರು. ಬಿಗಿದ ಕವಾಟವನ್ನು ಸರಿಪಡಿಸುವ ಔಷಧವಿಲ್ಲ.

ಎದೆಯೆಲುಬನ್ನು ಸೀಳಿ, ಹೃದಯವನ್ನು ಕೆಲಹೊತ್ತು ನಿಲ್ಲಿಸಿ, ಹೊಸ ಕವಾಟವನ್ನು ಹೊಲಿಯುವ ಶಸ್ತ್ರಕ್ರಿಯೆಯು 1960ರಿಂದಲೂ ರೂಢಿಯಲ್ಲಿದೆ. ಆದರೆ ಎಂಬತ್ತು ದಾಟಿದ ಕೃಶಶರೀರರಲ್ಲಿ ಹಲವರು ಅದನ್ನು ತಾಳಲಾರರು. 2002ನೆಯ ಏಪ್ರಿಲ್ 16ರಂದು ಫ್ರಾನ್ಸ್ ದೇಶದ ರೂಆನ್ ನಗರದಲ್ಲಿ ಡಾಕ್ಟರ್ ಅಲೇನ್ ಕ್ರಿಬಿಯೆ ಎಂಬವರು, ಶಸ್ತ್ರವೈದ್ಯರು ಕೈಬಿಟ್ಟಿದ್ದ 57 ವರ್ಷದ ರೋಗಿಗೆ, ಎದೆಯನ್ನು ಸೀಳದೆ ರಕ್ತನಾಳದ ಮಾರ್ಗವಾಗಿಯೇ ಕವಾಟವನ್ನಿರಿಸಿದರು. ಆ ರೋಗಿಯು ನಾಲ್ಕು ತಿಂಗಳಲ್ಲಿ ಬೇರೆ ತೊಡಕುಗಳಿಂದ ತೀರಿಕೊಂಡನಾದರೂ ಹೊಸ ದಾರಿಯೊಂದು ತೆರೆದಿತ್ತು.

ಈಗ ಬಹುಮಟ್ಟಿಗೆ ತೊಡೆಸಂದಿನ ಧಮನಿಯ ಮೂಲಕ ಸಣ್ಣ ನಳಿಕೆಯನ್ನು ಹೃದಯದವರೆಗೆ ಸಾಗಿಸುವರು. ಅದರ ತುದಿಯಲ್ಲಿ ಮಡಿಸಿಟ್ಟ ಲೋಹದ ಜಾಲರಿಯು ಹಳೆಯ ಕವಾಟದೊಳಗೇ ಅರಳಿ ನಿಲ್ಲುವುದು. ಜಾಲರಿಯೊಳಗಿನ ಎಸಳುಗಳನ್ನು ಹಸು ಅಥವಾ ಹಂದಿಯ ಹೃದಯದ ಪೊರೆಯಿಂದ ಮಾಡಿರುವರು. ಆಚಾರವಂತರಾದ ಹಿರಿಯರಿಗೆ ಈ ಸಂಗತಿಯನ್ನು ಮುಚ್ಚಿಡದೆ ಮೊದಲೇ ತಿಳಿಸಿ, ಅವರ ಸಮ್ಮತಿಯನ್ನು ಪಡೆಯುವುದೇ ಧರ್ಮ. ದೇಹವು ಅವರದು, ನಿಶ್ಚಯವೂ ಅವರದೇ.

ಶಸ್ತ್ರಕ್ರಿಯೆಗೆ ಅನರ್ಹರಾದ 358 ಮಂದಿ ವೃದ್ಧರ ಮೇಲೆ ನಡೆದ ಪರೀಕ್ಷೆಯೊಂದರ ಫಲವು 2010ರಲ್ಲಿ ಪ್ರಕಟವಾಯಿತು. ವರ್ಷ ಕಳೆಯುವಷ್ಟರಲ್ಲಿ, ಹಿಂದಿನ ರೀತಿಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 51 ಮಂದಿಯೂ, ಹೊಸ ಕವಾಟ ಪಡೆದವರಲ್ಲಿ 31 ಮಂದಿಯೂ ಮರಣಹೊಂದಿದ್ದರು. ಅಪಾಯವಿಲ್ಲವೆಂದಲ್ಲ, ಮಿದುಳಿನ ಆಘಾತ, ರಕ್ತಸ್ರಾವ, ಹೃದಯಬಡಿತಕ್ಕೆ ಪೇಸ್‌ಮೇಕರ್ ಬೇಕಾಗುವುದು, ಇವೆಲ್ಲ ಉಂಟು. ವೆಚ್ಚವೂ ಅಧಿಕ. ಯಾರಿಗೆ ಯಾವುದು ಯೋಗ್ಯವೆಂಬುದನ್ನು ಹೃದ್ರೋಗತಜ್ಞರೂ ಶಸ್ತ್ರವೈದ್ಯರೂ ಕೂಡಿ ವಿಚಾರಿಸಿ ಹೇಳತಕ್ಕದ್ದು.

ಗೃಹಸ್ಥರು ಮಾಡತಕ್ಕ ಕಾರ್ಯವಾದರೋ ಸುಲಭವಾದುದು. ಹಿರಿಯರ ಏದುಸಿರನ್ನು ಮುಪ್ಪಿನ ಲೆಕ್ಕಕ್ಕೆ ಬರೆದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸ್ಟೆತಾಸ್ಕೋಪಿಗೆ ಕೇಳಿಸುವ ಮರ್ಮರಧ್ವನಿಯೂ, ಆಮೇಲಿನ ಎಕೋ ಪರೀಕ್ಷೆಯೂ ಕವಾಟದ ಸ್ಥಿತಿಯನ್ನು ತಿಳಿಸುವುವು. ಮುಪ್ಪಿಗೆ ಮದ್ದಿಲ್ಲವೆಂಬುದು ನಿಜ. ಮುಪ್ಪಿನಲ್ಲಿ ಬಂದ ರೋಗಕ್ಕೂ ಮದ್ದಿಲ್ಲವೆನ್ನುವುದು ತಪ್ಪು.